ಹುಬ್ಬು ಕೇಳುವ ಪ್ರಶ್ನೆ

ಕೇಳಿದ ಮಾತನ್ನು ನಂಬದವನು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಹಿರಿಯರ ಸಮ್ಮುಖದಲ್ಲಂತೂ 'ಹೌದು, ಹೌದು' ಎಂದು ತಲೆಯಾಡಿಸುವುದೇ ರೂಢಿ. ಆದರೆ ಅಷ್ಟರಲ್ಲಿ ಹುಬ್ಬು ಮೇಲೇರಿರುತ್ತದೆ. ತುಟಿಯ ಒಂದಂಚು ಬಿಗಿದಿರುತ್ತದೆ. ನೋಟ ಕ್ಷಣಕಾಲ ಓರೆಯಾಗಿರುತ್ತದೆ. ಹುಬ್ಬೇರಿಸುವುದು, ಹುಬ್ಬು ಗಂಟಿಕ್ಕುವುದು, ಮೂಗು ಮುರಿಯುವುದು ಎಂದು ದಿನವೂ ಆಡುವ ಕನ್ನಡಿಗನಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಭರತನ ನಾಟ್ಯಶಾಸ್ತ್ರವು ಹುಬ್ಬಿನ ಚಲನೆಗಳನ್ನು 7 ಬಗೆಯಾಗಿಯೂ ನೋಟಗಳನ್ನು 36 ಬಗೆಯಾಗಿಯೂ ವಿಂಗಡಿಸಿದೆ. ಅವುಗಳಲ್ಲಿ ಶಂಕಿತ, ವಿತರ್ಕಿತ ಎಂಬ ಎರಡು ನೋಟಗಳನ್ನು ಬೇರೆಬೇರೆಯಾಗಿಯೇ ಇರಿಸಿರುವುದು ಗಮನಾರ್ಹ. ಮೊದಲನೆಯದರಲ್ಲಿ ಕಣ್ಣಾಲಿ ಬೆದರಿರುತ್ತದೆ, ಎರಡನೆಯದರಲ್ಲಿ ಅರಳಿರುತ್ತದೆ. ಅಂಜಿ ಶಂಕಿಸುವವನೇ ಬೇರೆ, ಹೀಗೋ ಹಾಗೋ ಎಂದು ತೂಗಿ ನೋಡುವವನೇ ಬೇರೆ. ನಿತ್ಯದ ಸಂಭಾಷಣೆಯಲ್ಲಿ ಇವೆರಡನ್ನೂ ಅವಿಶ್ವಾಸವೆಂಬ ಒಂದೇ ಹೆಸರಿನಿಂದ ಕರೆದುಬಿಡುವುದುಂಟು.

ಗಂಟಿಕ್ಕಿದ ಹುಬ್ಬಿನ ವಿಷಯದಲ್ಲಿ ಈ ತಪ್ಪು ಇನ್ನೂ ಹೆಚ್ಚು. ಆಲೋಚನೆಯ ಹಾದಿಯಲ್ಲಿ ತೊಡಕೊಂದು ಎದುರಾದಾಗ ಹುಬ್ಬು ಗಂಟಿಕ್ಕುತ್ತದೆಂದು ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದಾನೆ. 1978ರಲ್ಲಿ ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ ಮುಖದ ಚಲನೆಗಳಿಗೆ ಸಂಖ್ಯೆಗಳನ್ನು ಕೊಟ್ಟರು: ಒಳಹುಬ್ಬು ಏರಿದರೆ 1, ಹೊರಹುಬ್ಬು ಏರಿದರೆ 2, ಹುಬ್ಬು ಕೆಳಗಿಳಿದರೆ 4. ಚಲನೆಯನ್ನು ಗುರುತಿಸಲು ಈ ಕ್ರಮ ಸಾಕು. ಅದರ ಹಿಂದಿನ ಕಾರಣವನ್ನು ತಿಳಿಯಬೇಕಾದರೆ ಕೇಳಿಯೇ ತಿಳಿಯಬೇಕು.

ಅಧ್ಯಾಪಕ ವೃತ್ತಿಗೆ ಈ ಸಂಗತಿ ತೀರ ಸಮೀಪದ್ದು. ಭಾರವಾದ ಕಲ್ಲೂ ಹಗುರವಾದ ಕಲ್ಲೂ ಒಂದೇ ಎತ್ತರದಿಂದ ಬಿದ್ದರೆ ಬಹುಮಟ್ಟಿಗೆ ಒಟ್ಟಿಗೇ ನೆಲ ಮುಟ್ಟುತ್ತವೆಂದು ಪಾಠದಲ್ಲಿ ಹೇಳಿದೊಡನೆ ಹಿಂದಿನ ಸಾಲಿನ ಹುಡುಗನೊಬ್ಬನ ಹುಬ್ಬು ಗಂಟಾಗುತ್ತದೆ. ಅದನ್ನು ಉದ್ಧಟತನವೆಂದು ಗದರಿಸಿದರೆ ಮುಂದಿನ ಪಾಠದಿಂದ ಅವನ ಮುಖ ನುಣ್ಣಗಾಗುತ್ತದೆ, ಸಂಶಯ ಮಾತ್ರ ಒಳಗೇ ಉಳಿಯುತ್ತದೆ. ಶಿಸ್ತಿನದೆಂದು ಹೊಗಳಿಸಿಕೊಳ್ಳುವ ಎಷ್ಟೋ ತರಗತಿಗಳ ಮೌನ ಈ ಬಗೆಯದು. (ಕರಿಹಲಗೆಯ ಅಕ್ಷರ ಕಾಣದೆ ಮುಖ ಕಿವುಚುವ ಮಕ್ಕಳೂ ಉಂಟು, ಅವರಿಗೆ ಬೇಕಾದುದು ಬೈಗುಳವಲ್ಲ, ಕನ್ನಡಕ.)

ಬಲ್ಲ ಅಧ್ಯಾಪಕನು ಅಂಥ ಮುಖವನ್ನು ಕಂಡೊಡನೆ ಪಾಠವನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಅಂಗಳದಿಂದ ಎರಡು ಕಲ್ಲುಗಳನ್ನು ತರಿಸಿ, ಆ ಹುಡುಗನನ್ನೇ ಜಗಲಿಯ ಮೇಲೆ ಹತ್ತಿಸಿ, ಬಿಟ್ಟು ನೋಡೆನ್ನುತ್ತಾನೆ.