ಮಗಳ ಬ್ಯಾಂಡು, ಮೈಸೂರಿನ ರಾಗ

ಆಲುವದಲ್ಲಿ ಓದುವ ಮಗಳು ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಾಳೆ. ಆಗಸ್ಟ್ ಬಂತೆಂದರೆ ನಮ್ಮ ಊಟದ ಮೇಜಿಗೂ ಉಳಿಗಾಲವಿಲ್ಲ. ಮೊನ್ನೆ, ‘ಬಿಟ್ಟುಬಿಡ್ತೀನಪ್ಪ, ಎರಡು ವರ್ಷದಿಂದ ಅದೇ ನಾಲ್ಕು ಟ್ಯೂನ್’ ಎಂದಳು. ಬೈಯಲು ಬಾಯಿ ಬರಲಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ಬ್ಯಾಂಡು ಹುಟ್ಟಿದ್ದೇ ಪರೇಡಿಗಾಗಿ. 1917ರಲ್ಲಿ ಯೂನಿವರ್ಸಿಟಿ ಕೋರ್, 1920ರಲ್ಲಿ ಟ್ರೈನಿಂಗ್ ಕೋರ್, 1948ರಲ್ಲಿ ಎನ್‌ಸಿಸಿ. ಹೆಜ್ಜೆ ತಪ್ಪದಿದ್ದರೆ ಸಾಕು, ರಾಗ ಯಾರಿಗೆ ಬೇಕಿತ್ತು!

ಮೈಸೂರು ಅರಮನೆಯವರು ಹಾಗೆ ಬಿಡಲಿಲ್ಲ. ಇಂಗ್ಲಿಷ್ ಬ್ಯಾಂಡಿನ ಜೊತೆ ಕರ್ನಾಟಕ ಬ್ಯಾಂಡನ್ನೂ ಸಾಕಿದರು. ಪರದೇಶದ ವಾದ್ಯಗಳಲ್ಲಿ ಕೀರ್ತನೆ ನುಡಿಸಿದರು. ಇಂದು ಅದು ಪೊಲೀಸ್ ಬ್ಯಾಂಡ್. ಬಂಟ್ವಾಳದ ಸಜಿಪದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮರುಳಾದದ್ದು ಆ ಅರಮನೆ ಬ್ಯಾಂಡ್ ಕೇಳಿಯೇ.

ಇಲ್ಲಿ ಕೇರಳದ ಯುವಜನೋತ್ಸವದಲ್ಲಿ ಚೆಂಡೆಮೇಳಕ್ಕೂ ಸ್ಪರ್ಧೆಯಿದೆ. ನಮ್ಮ ಮೈಸೂರಲ್ಲಿ 1916ರ ವಿಶ್ವವಿದ್ಯಾಲಯವಿದೆ, ಅದಕ್ಕೊಂದು ಲಲಿತಕಲಾ ಕಾಲೇಜಿದೆ, ಅದೇ ಊರಲ್ಲಿ ಈ ಬ್ಯಾಂಡೂ ಇದೆ. ಎನ್‌ಸಿಸಿ ಹುಡುಗರನ್ನು ವಾರಕ್ಕೊಂದು ಸಂಜೆ ಆ ವಾದಕರ ಮುಂದೆ ಕೂರಿಸಿದರೆ ಯಾರ ಗಂಟು ಹೋಗುತ್ತದೆ?

ದಸರೆಗೆ ಆಲುವದಿಂದ ಮೈಸೂರಿಗೆ ಎರಡು ಟಿಕೆಟ್ ತೆಗೆದಿದ್ದೇನೆ, ಅರಮನೆ ಅಂಗಳದಲ್ಲಿ ಅವಳು ಆ ಬ್ಯಾಂಡನ್ನೊಮ್ಮೆ ಕೇಳಲಿ ಎಂದು. ಬಿಡುವ ಅರ್ಜಿ ಬರೆದಾಗಿದೆ. ಬರುವವರೆಗೆ ಕೊಡಬೇಡವೆಂದು ಹೇಳಿದ್ದೇನೆ.