ಚಂದ್ರನ ಹೆಜ್ಜೆಗೆ ವಾರಸುದಾರರು ಯಾರು?

ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. 1969ರ ಹೆಜ್ಜೆಗುರುತುಗಳನ್ನು ಬೇಗ ಅಳಿಸಬಲ್ಲವನು ಮನುಷ್ಯ ಮಾತ್ರ. ಅದೇ ವರ್ಷ ಅಪೊಲೊ 12 ಇಳಿದಾಗ ಎದ್ದ ಧೂಳು, ಸುಮಾರು 160 ಮೀಟರ್ ದೂರದಲ್ಲಿದ್ದ ಸರ್ವೇಯರ್ 3 ನೌಕೆಯ ಮೈಯನ್ನು ಮರಳು ಕಾಗದದಂತೆ ಉಜ್ಜಿತ್ತು. 2024ರಿಂದ ಖಾಸಗಿ ಕಂಪನಿಗಳ ನೌಕೆಗಳೂ ಅಲ್ಲಿ ಇಳಿಯುತ್ತಿವೆ. ಕಂಪನಿಗೆ ಹೆಜ್ಜೆಗುರುತಿನಿಂದ ಲಾಭವೇನು ಹೇಳಿ?

2020ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ಅದು ಕಟ್ಟಿಹಾಕುವುದು ನಾಸಾ ಜೊತೆ ಚಂದ್ರನ ಕೆಲಸಕ್ಕೆ ಕೈಜೋಡಿಸುವವರನ್ನು ಮಾತ್ರ. ಹಾಗಾದರೆ 1959ರಲ್ಲಿ ಎಲ್ಲರಿಗಿಂತ ಮೊದಲು ಚಂದ್ರನನ್ನು ಮುಟ್ಟಿದ ಸೋವಿಯತ್ ಲೂನಾ 2? 2023ರಲ್ಲಿ ಬೆಂಗಳೂರಿನಲ್ಲಿ ಕೂತು ಇಸ್ರೋ ಇಳಿಸಿದ ನಮ್ಮ ವಿಕ್ರಮ್? ಇವು ಪರಂಪರೆಯಲ್ಲ, ಗುಜರಿಯೇ?

ಯುನೆಸ್ಕೋದ 1972ರ ಒಪ್ಪಂದದಂತೆ ದೇಶವೊಂದು ತನ್ನ ನೆಲದ ತಾಣವನ್ನಷ್ಟೇ ವಿಶ್ವ ಪರಂಪರೆಯ ಪಟ್ಟಿಗೆ ಸೂಚಿಸಬಹುದು. 1967ರ ಬಾಹ್ಯಾಕಾಶ ಒಪ್ಪಂದದಂತೆ ಚಂದ್ರ ಯಾವ ದೇಶದ ನೆಲವೂ ಅಲ್ಲ. ಎಲ್ಲರಿಗೂ ಸೇರಬೇಕಾದದ್ದು ಹೀಗೆ ಅನಾಥವಾಗಿದೆ! ಆರ್ಟೆಮಿಸ್ ಒಡಂಬಡಿಕೆಗೆ 2023ರಲ್ಲಿ ಭಾರತ ಸಹಿ ಹಾಕಿತು. ಪರಂಪರೆ ಕಾಯುವ ಮಾತು ಅದರಲ್ಲಿದೆ, ಕಾನೂನಿನ ಬಲವಿಲ್ಲ. ಚೀನಾ, ರಷ್ಯಾ ಅದರ ಹೊರಗೇ ಇವೆ.

ಸಹಿ ಹಾಕಿ ಸುಮ್ಮನಿದ್ದರೆ ಸಾಲದು. ಲೂನಾ, ಅಪೊಲೊ, ವಿಕ್ರಮ್ ಒಂದೇ ಪಟ್ಟಿಯಲ್ಲಿರುವ, ಎಲ್ಲ ದೇಶಗಳನ್ನೂ ಕಟ್ಟುವ ಒಪ್ಪಂದವೊಂದನ್ನು ಭಾರತವೇ ವಿಶ್ವಸಂಸ್ಥೆಯ ಮುಂದಿಡಲಿ. ಅದೂ ಮುಂದಿನ ನೌಕೆ ಧೂಳೆಬ್ಬಿಸುವ ಮೊದಲು.