ಓದಲು ಹೋದ ಮಕ್ಕಳು ಊರು ನೋಡಬಾರದೇ?

‘ನಿನ್ನನ್ನು ಕಳಿಸಿದ್ದು ಓದ್ಲಿಕ್ಕೆ, ತಿರುಗ್ಲಿಕ್ಕೆ ಅಲ್ಲ.’ ಹೊರದೇಶದಲ್ಲಿ ಮಕ್ಕಳು ಓದುತ್ತಿರುವ ನಮ್ಮ ಮನೆಗಳಲ್ಲಿ ಈ ಮಾತು ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಕೇಳಿಬರುತ್ತದೆ. ಕೈರೋ, ಮದೀನಾ, ಮಲೇಶ್ಯ, ಟರ್ಕಿ ಎಂದು ಮಕ್ಕಳು ಹೋಗುತ್ತಿದ್ದಾರೆ. ಡಾಕ್ಟರ್ ಓದಲು ಜಾರ್ಜಿಯಾ, ಕಿರ್ಗಿಸ್ತಾನಕ್ಕೂ ಹೋಗುತ್ತಿದ್ದಾರೆ. ಅದರ ಹಿಂದೆ ಉಮ್ಮನ ಚಿನ್ನ ಇರುತ್ತದೆ, ಉಪ್ಪ ಗಲ್ಫಿನಲ್ಲಿ ಬೆವರು ಸುರಿಸಿದ ವರ್ಷಗಳಿರುತ್ತವೆ. ಹಾಗಾಗಿ ಈ ಮಾತು ಬರುವುದು ಸಹಜ. ಆದರೆ ಹೇಳಿ ಹೇಳಿ ಅದು ಮಕ್ಕಳ ಕಾಲಿಗೆ ಸರಪಳಿಯಾಗಿದೆಯೇ ಎಂದು ನಾವೊಮ್ಮೆ ಯೋಚಿಸಬೇಕು.

ನನ್ನಲ್ಲಿ ಮದ್ರಸ ಕಲಿತ ಹುಡುಗನೊಬ್ಬ ನಾಲ್ಕು ವರ್ಷ ಹೊರದೇಶದಲ್ಲಿ ಓದಿ ಬಂದ. ಸಲಾಂ ಹೇಳಲು ಮನೆಗೆ ಬಂದವನ ಹತ್ತಿರ ‘ಆ ಊರು ಹೇಗಿದೆ ಮೋನೇ?’ ಎಂದು ಕೇಳಿದೆ. ‘ಊರು ನೋಡ್ಲಿಲ್ಲ ಉಸ್ತಾದ್. ರೂಮು, ಕಾಲೇಜು, ರೂಮು. ಹೊರಗೆ ಹೋದ್ರೆ ಮನೆಯವರು ವಿಡಿಯೋ ಕಾಲ್‌ನಲ್ಲಿ ಎಲ್ಲಿದ್ದೀ ಅಂತ ಕೇಳ್ತಾರೆ’ ಎಂದ. ನಾಲ್ಕು ವರ್ಷ ಇದ್ದ ದೇಶದ ಭಾಷೆಯಲ್ಲಿ ಅವನಿಗೆ ಅಂಗಡಿಯಲ್ಲಿ ಸಾಮಾನು ಕೇಳುವಷ್ಟೂ ಬರುತ್ತಿರಲಿಲ್ಲ. ರೂಮಿನಲ್ಲಿ ಎಲ್ಲರೂ ಮಲಯಾಳಿಗಳು ಮತ್ತು ನಮ್ಮವರೇ. ಸರ್ಟಿಫಿಕೇಟು ಸಿಕ್ಕಿತು, ದೇಶ ಸಿಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಹೊರದೇಶದಲ್ಲಿ ಓದುವ ಮಕ್ಕಳಿಗೆ ತಿಂಗಳಿಗೆ ಒಂದು ದಿನ, ಯಾವ ಪ್ರೋಗ್ರಾಮೂ ಇಲ್ಲದೆ ಆ ಊರಲ್ಲಿ ನಡೆಯಲು ಬಿಡಬೇಕು. ನಾನು ಹೇಳುವುದು ಟೂರ್ ಬಸ್ಸಿನ ಪ್ರವಾಸ ಅಲ್ಲ. ಬಸ್ಸಿನಲ್ಲಿ ಹೋದವರು ಪಿರಮಿಡ್ಡಿನ ಮುಂದೆ ಫೋಟೋ ತೆಗೆದು ಬರುತ್ತಾರೆ. ಪ್ಲಾನ್ ಇಲ್ಲದೆ ಹೋದವನು ದಾರಿ ಕೇಳಲೇಬೇಕಾಗುತ್ತದೆ. ದಾರಿ ಕೇಳುವುದರಲ್ಲೇ ಕಲಿಕೆ ಇದೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಸುಮಾರು 20 ವರ್ಷಗಳ ಹಿಂದೆ ಕೈರೋದಲ್ಲಿ ಒಂದು ವರ್ಷ ಅರಬಿ ಕಲಿಯುತ್ತಿದ್ದೆ. ರೂಮು ನಸ್ರ್ ಸಿಟಿಯಲ್ಲಿ, ಕ್ಲಾಸು ಅಲ್ ಅಝ್‌ಹರ್ ಮಸೀದಿಯ ಹತ್ತಿರ. ಒಂದು ಬೆಳಿಗ್ಗೆ ಹೋದಾಗ ಅಧ್ಯಾಪಕರಿಗೆ ಹುಷಾರಿಲ್ಲ, ಕ್ಲಾಸಿಲ್ಲ ಎಂದರು. ಮರಳಿ ರೂಮಿಗೆ ಹೋಗಿ ಮಲಗುವ ಬದಲು ನಾನು ಮತ್ತು ಕಾಸರಗೋಡಿನ ಒಬ್ಬ ಗೆಳೆಯ ಕಾಲು ಹೋದ ಕಡೆ ನಡೆದೆವು.

ಮೊದಲು ಸಿಕ್ಕಿದ್ದು ಅಲ್ ಮುಇಝ್ ಬೀದಿ. ಅಲ್ಲಿ ದಾರಿ ಎರಡಾಗುವಲ್ಲಿ ಒಂದು ಸಣ್ಣ ಚಂದದ ಕಟ್ಟಡ ಇದೆ. 1744ರಲ್ಲಿ ಅಬ್ದುರ್ರಹ್ಮಾನ್ ಕತ್‌ಖುದಾ ಎಂಬವರು ಕಟ್ಟಿಸಿದ್ದು. ಕೆಳಗೆ ದಾರಿಹೋಕರಿಗೆ ಕುಡಿಯುವ ನೀರು, ಮೇಲೆ ಮಕ್ಕಳಿಗೆ ಖುರ್‌ಆನ್ ಕಲಿಸುವ ಕೋಣೆ. ಕೆಳಗಿಂದ ಬಾಯಾರಿಕೆಯೂ ಮೇಲಿಂದ ಅಜ್ಞಾನವೂ ಹೋಗಲಿ ಎಂದು ಯೋಚಿಸಿ ಕಟ್ಟಿದ ಹಾಗಿತ್ತು. ಇಂದು ಮದ್ರಸ ಕಟ್ಟಡದ ಬಗ್ಗೆ ಕಮಿಟಿಯವರು ಮಾತಾಡುವಾಗ ನನಗೆ ಅದೇ ಕಟ್ಟಡ ನೆನಪಾಗುತ್ತದೆ.

ಸ್ವಲ್ಪ ಮುಂದೆ ಸುಲ್ತಾನ್ ಖಲಾವೂನ್ ಕಟ್ಟಿಸಿದ ಮದ್ರಸ, ಗೋರಿ ಮತ್ತು ಆಸ್ಪತ್ರೆ. 1284-85ರ ಕಾಲದ್ದು. ಆ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ, ಬಡವರಿಗೂ ಶ್ರೀಮಂತರಿಗೂ ಉಚಿತ ಚಿಕಿತ್ಸೆ. ಖರ್ಚು ವಕ್ಫ್ ಆಸ್ತಿಯಿಂದ. ಅದೇ ಆವರಣದಲ್ಲಿ ಈಗಲೂ ಕಣ್ಣಿನ ಆಸ್ಪತ್ರೆ ಇದೆ. ವಕ್ಫ್ ಎಂದರೆ ಏನೆಂದು ಕಿತಾಬಿನಲ್ಲಿ ಓದಿದ್ದೆ. ಅದು ಗೋಡೆಯಾಗಿ, ಕಿಟಕಿಯಾಗಿ, ಹಾಸಿಗೆಯಾಗಿ ಎದುರು ನಿಂತದ್ದು ಅಂದೇ.

ಹಸಿವಾದಾಗ ಕುಶರಿ ತಿಂದೆವು. ಅನ್ನ, ಮ್ಯಾಕರೋನಿ, ಬೇಳೆ, ಕಡ್ಲೆ, ಮೇಲೆ ಹುರಿದ ನೀರುಳ್ಳಿ ಮತ್ತು ಟೊಮೆಟೊ ಸಾರು. ಬಡವರ ಹೊಟ್ಟೆ ತುಂಬಿಸುವ ಊಟ. ನನ್ನ ಕಿತಾಬಿನ ಅರಬಿ ಕೇಳಿ ಹೊಟೇಲಿನವ ನಕ್ಕ. ಅಲ್ಲಿ ‘ಜಮೀಲ್’ ಎಂದರೆ ‘ಗಮೀಲ್’, ‘ಖಹ್ವ’ ಎಂದರೆ ‘ಅಹ್ವ’. ಹಿಂದ್‌ನವರು ಎಂದು ಗೊತ್ತಾದದ್ದೇ ‘ಅಮಿತಾಭ್ ಬಚ್ಚನ್!’ ಎಂದು ಕೈ ಕುಲುಕಿದ. ಆ ಅರ್ಧ ಗಂಟೆಯಲ್ಲಿ ಕಲಿತ ಆಡುಮಾತು ಒಂದು ತಿಂಗಳ ಕ್ಲಾಸಿನಲ್ಲಿ ಸಿಕ್ಕಿರಲಿಲ್ಲ.

ಅವನೇ ಹೇಳಿದ, ‘ಮಿಸ್ರ್‌ನ ಮೊದಲ ಮಸೀದಿ ನೋಡಿದ್ರಾ?’ ಎಂದು. ಅತಬಾದಲ್ಲಿ ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಮಾರ್ ಗಿರ್ಗಿಸ್ ನಿಲ್ದಾಣದಲ್ಲಿ ಇಳಿದೆವು. 1987ರಲ್ಲಿ ಶುರುವಾದ ಈ ಮೆಟ್ರೋ ಆಫ್ರಿಕಾದಲ್ಲೇ ಮೊದಲನೆಯದು. ಹೆಂಗಸರಿಗೆ ಬೇರೆ ಡಬ್ಬಿಗಳೂ ಇವೆ. ಹೊರಗೆ ಬಂದರೆ ಎದುರಲ್ಲೇ ಹಳೆಯ ಕ್ರೈಸ್ತ ಚರ್ಚುಗಳು, ಒಳಗಿನ ಓಣಿಯಲ್ಲಿ ಬೆನ್ ಎಝ್ರಾ ಎಂಬ ಯಹೂದಿಗಳ ಪ್ರಾರ್ಥನಾ ಮಂದಿರ. ಅಲ್ಲಿಂದ ಸ್ವಲ್ಪ ನಡೆದರೆ ಅಮ್ರ್ ಇಬ್ನುಲ್ ಆಸ್ ಮಸೀದಿ. ಕ್ರಿ.ಶ. 641-42ರಲ್ಲಿ ಸ್ಥಾಪನೆಯಾಗಿ, ಆಮೇಲೆ ಎಷ್ಟೋ ಸಲ ಪುನಃ ಕಟ್ಟಿದ್ದು. ನಾವು ಅಸರ್ ನಮಾಝ್ ಅಲ್ಲೇ ಮಾಡಿದೆವು.

ಆ ಯಹೂದಿ ಮಂದಿರದ ಸಂಗತಿ ನಮ್ಮೂರಿಗೆ ಬಹಳ ಹತ್ತಿರದ್ದು. ದೇವರ ಹೆಸರಿರುವ ಕಾಗದ ಬಿಸಾಡಬಾರದೆಂದು ಅವರು ಹಳೆಯ ಕಾಗದಗಳನ್ನು ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಅರಬಿ ಅಕ್ಷರ ಇರುವ ಕಾಗದ ಕಾಲಿಗೆ ಸಿಗದ ಹಾಗೆ ಎತ್ತಿಡುವ ನಮ್ಮ ಉಮ್ಮಂದಿರ ಹಾಗೆಯೇ. 1896-97ರಲ್ಲಿ ಅಲ್ಲಿಯ ಬಹುಪಾಲು ಕಾಗದಗಳು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋದವು. ಬಿಡಿಸಿ ನೋಡಿದರೆ ಅವುಗಳಲ್ಲಿ ವ್ಯಾಪಾರದ ಪತ್ರಗಳೂ ಇದ್ದವು. ಭಾಷೆ ಅರಬಿ, ಲಿಪಿ ಹೀಬ್ರೂ. ಮದ್ರಸದಲ್ಲಿ ಅರಬಿ ಲಿಪಿಯ ಮಲಯಾಳಂ ಓದಿದ ನಮಗೆ ಇದು ವಿಚಿತ್ರ ಅನಿಸದು.

ಆ ಪತ್ರಗಳಲ್ಲಿ ‘ಮಂಜರೂರ್’ ಇದೆ. ಅಂದರೆ ನಮ್ಮ ಮಂಗಳೂರು. ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರಿಂದ 1149ರ ತನಕ ನಮ್ಮ ಕರಾವಳಿಯಲ್ಲಿದ್ದ. ಇಲ್ಲಿಂದ ಏಡನ್ನಿಗೆ ಒಳ್ಳೆಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಅವನ ಪರವಾಗಿ ಹಡಗು ಹತ್ತಿ ವ್ಯವಹಾರ ಮಾಡುತ್ತಿದ್ದವನ ಹೆಸರು ಬೊಮ್ಮ. ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಒಂದು ಪುಸ್ತಕದಲ್ಲಿ ಇವರಿಬ್ಬರ ಕಥೆ ಹೇಳಿದ್ದಾರೆ. ಬ್ಯಾರಿ ಎಂಬ ಹೆಸರನ್ನೇ ವ್ಯಾಪಾರದೊಂದಿಗೆ ಜೋಡಿಸಿ ಹೇಳುವ ನಮಗೆ, ನಮ್ಮ ಬಂದರಿನ ಲೆಕ್ಕಪತ್ರ ಕೈರೋದ ಒಂದು ಓಣಿಯಲ್ಲಿ ಶತಮಾನಗಟ್ಟಲೆ ಇತ್ತು ಎಂಬುದು ಸಣ್ಣ ಸುದ್ದಿಯಲ್ಲ. ಇದು ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ, ಒಂದು ಲೇಖನದಲ್ಲಿ. ಆ ಓಣಿಯಲ್ಲಿ ನಡೆದಿದ್ದರಿಂದಲೇ ಅದರ ಹೆಸರು ಕಂಡಾಗ ನಿಂತು ಓದಿದೆ. ನೋಡಿದ ಊರಿನ ಬಗ್ಗೆ ಓದುವ ಆಸೆ ತಾನಾಗಿ ಹುಟ್ಟುತ್ತದೆ.

ಮಗ್ರಿಬ್‌ಗೆ ಮುಂಚೆ ಇಮಾಂ ಶಾಫಿಈ ಅವರ ಮಖ್ಬರಕ್ಕೆ ಹೋದೆವು. ಗುಮ್ಮಟ 1211ರದ್ದು, ಅದರ ತುದಿಯಲ್ಲಿ ಒಂದು ಲೋಹದ ದೋಣಿ. ಹಕ್ಕಿಗಳಿಗೆ ಕಾಳು ಹಾಕಲು ಇಟ್ಟದ್ದು ಎಂದು ಅಲ್ಲಿಯವರು ಹೇಳಿದರು. ಚಿಕ್ಕಂದಿನಿಂದ ‘ಶಾಫಿಈ ಮದ್‌ಹಬ್’ ಎಂದು ಹೇಳುತ್ತ ಬಂದ ಹುಡುಗರು ಅಲ್ಲಿ ನಿಂತಾಗ ಏನಾಗಿರಬಹುದು ಎಂದು ನೀವೇ ಊಹಿಸಿ.

ಆ ಇಮಾಮರ ಬದುಕೇ ನನ್ನ ವಾದಕ್ಕೆ ಆಧಾರ. ಗಾಝಾದಲ್ಲಿ ಹುಟ್ಟಿ, ಮಕ್ಕಾದಲ್ಲಿ ಬೆಳೆದು, ಮದೀನಾದಲ್ಲಿ ಇಮಾಂ ಮಾಲಿಕ್‌ರ ಹತ್ತಿರ ಕಲಿತು, ಯಮನ್, ಬಗ್ದಾದ್ ಸುತ್ತಿ ಕೊನೆಗೆ ಮಿಸ್ರ್‌ಗೆ ಬಂದರು. ಅಲ್ಲಿಗೆ ಬಂದ ಮೇಲೆ ಹಲವು ಮಸ್‌ಅಲಗಳಲ್ಲಿ ಅವರ ಅಭಿಪ್ರಾಯ ಬದಲಾಯಿತು. ಇದನ್ನೇ ಖೌಲ್ ಖದೀಂ, ಖೌಲ್ ಜದೀದ್ ಎಂದು ನಾವು ದರ್ಸಿನಲ್ಲಿ ಓದುತ್ತೇವೆ. ಕಾರಣಗಳು ಹಲವು, ಹೊಸ ಪುರಾವೆಗಳು ಸಿಕ್ಕಿದ್ದು, ಹೊಸ ಊರಿನ ಜನಜೀವನ ಕಂಡದ್ದು ಎಲ್ಲವನ್ನೂ ಉಲಮಾಗಳು ಹೇಳುತ್ತಾರೆ. ಅಷ್ಟು ದೊಡ್ಡ ಇಮಾಮರಿಗೇ ಹೊಸ ಊರು ಹೊಸತನ್ನು ಕಲಿಸಿದ್ದರೆ, ನಮ್ಮ ಮಕ್ಕಳಿಗೆ ಕಲಿಸದೇ?

‘ಮಕ್ಕಳು ಹಾಳಾದರೆ?’ ಎಂದು ಕೇಳುತ್ತೀರಿ. ಹಾಳಾಗುವವನಿಗೆ ರೂಮಿನೊಳಗಿನ ಫೋನು ಸಾಕು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಗಂಟೆ ಗಂಟೆಯ ಲೆಕ್ಕ ಕೇಳಿದರೆ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ. ಬೀದಿಯಲ್ಲಿ ಇದ್ದುಕೊಂಡು ‘ಲೈಬ್ರರಿಯಲ್ಲಿದ್ದೇನೆ ಉಪ್ಪ’ ಎನ್ನುತ್ತಾರೆ. ನಾಳೆ ಪರೀಕ್ಷೆಯಲ್ಲಿ ಫೇಲಾದರೆ, ಕಾಯಿಲೆ ಬಿದ್ದರೆ, ಮನಸ್ಸು ಕುಸಿದರೆ ಅದನ್ನೂ ಹೇಳುವುದಿಲ್ಲ. ಸಾವಿರಾರು ಮೈಲಿ ದೂರದ ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕೊರಗುವ ಮಗನಿಗಿಂತ, ಹೊರಗೆ ನಾಲ್ಕು ಜನರ ಪರಿಚಯ ಇರುವ ಮಗ ಸುರಕ್ಷಿತ.

‘ದುಡ್ಡು?’ ಎಂದರೆ, ನಮ್ಮ ಆ ದಿನದ ಖರ್ಚು ಮೆಟ್ರೋ ಟಿಕೆಟು, ಕುಶರಿ, ಎರಡು ಲೋಟ ಚಹಾ, ಸಂಜೆಯ ಮಿನಿ ಬಸ್ಸು. ಆನ್‌ಲೈನಿನಲ್ಲಿ ತರಿಸುವ ಒಂದು ಬರ್ಗರಿಗೆ ಅದಕ್ಕಿಂತ ಹೆಚ್ಚಾಗುತ್ತದೆ.

ಶಿಸ್ತು ಬೇಡ ಎಂದಲ್ಲ. ಪಾಸ್‌ಪೋರ್ಟಿನ ಕಾಪಿ ಜೇಬಿನಲ್ಲಿರಲಿ. ಯಾವ ಕಡೆ ಹೋಗುತ್ತೇನೆಂದು ರೂಮಿನವರಿಗೆ ತಿಳಿಸಲಿ. ಪೊಲೀಸು, ಮಿಲಿಟರಿ ಇರುವಲ್ಲಿ ಫೋಟೋ ತೆಗೆಯುವುದು ಬೇಡ. ಇಶಾದೊಳಗೆ ರೂಮಿಗೆ ಮುಟ್ಟಲಿ. ಹೆಣ್ಣುಮಕ್ಕಳು ಇಬ್ಬರು ಮೂವರು ಜೊತೆಯಾಗಿ ಹೋಗಲಿ; ಆದರೆ ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವರನ್ನು ಹಾಸ್ಟೆಲಿನ ಗೋಡೆಯೊಳಗೆ ಇಡುವುದು ನ್ಯಾಯವಲ್ಲ. ಅವರೂ ಅಷ್ಟೇ ದೂರ ಓದಲಿಕ್ಕೇ ಹೋದವರು.

ಮುಂದಿನ ಸಲ ಫೋನು ಮಾಡಿದಾಗ ಮಾರ್ಕಿನ ಜೊತೆ ಇದನ್ನೂ ಕೇಳಿ: ‘ಈ ತಿಂಗಳು ಎಲ್ಲಿಗೆ ಹೋದೆ? ಯಾರ ಹತ್ತಿರ ದಾರಿ ಕೇಳಿದೆ? ಅವರು ಏನು ಹೇಳಿದ್ರು?’ ಮೊದಲ ದಿನ ಹೆದರಿ ‘ಎಲ್ಲೂ ಇಲ್ಲ’ ಎಂದಾರು. ಬೈಯದೆ ಇನ್ನೊಂದು ಸಲ ಕೇಳಿ ನೋಡಿ.